ಹಿಟ್ಟು ಮುಗಿದರೆ ಯಾರೂ ಸಾಯುವುದಿಲ್ಲ

ಎದ್ದ ಕೂಡಲೇ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಳಗೆ ಜಾರಿದ ಗರ್ಭಕೋಶವನ್ನು ಬೆರಳಿನಿಂದ ಒಳಗೆ ತಳ್ಳಿ, ಹಳೆಯ ಸೀರೆಯ ಅರಿವೆಯನ್ನು ಬಿಗಿಯಾಗಿ ಕಟ್ಟಿಕೊಳ್ಳುವುದು ಮೊದಲನೆಯ ಕೆಲಸ. ಉಳಿದವು ಆಮೇಲೆ. ಕಾಳಿನ ಗುಮ್ಮಿಯಿಂದ ಜೋಳ ತೆಗೆದು ಮೊರದಲ್ಲಿ ಕೇರಿ ಹರಳು ಆರಿಸುವುದು. ಯುದ್ಧ ಮುಗಿದಿದ್ದರೂ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಹಾಗಾಗಿ ಇದನ್ನು ಬೆರಳ ತುದಿಯಿಂದಲೇ ಮಾಡಬೇಕು. ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತು ಆ ದಿನದ ಹಿಟ್ಟು ಬೀಸುವುದು, ಅದರ ಮೇಲೆ ಮಾರನೆಯ ದಿನದ್ದೂ ಅರ್ಧ. ಕೊಟ್ಟಿಗೆಯ ಹೆಂಡಿಕಸ ಬಳಿದು ತಿಪ್ಪೆಗೆ ಹೊರುವುದು, ಎತ್ತುಗಳ ಮುಂದೆ ಕಣಕಿ ಹಾಕುವುದು, ಎಮ್ಮೆ ಹಿಂಡುವುದು. ಊರ ಹೊರಗಿನ ಸಿಹಿನೀರಿನ ಬಾವಿಗೆ ಹೋಗಿ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ತರುವುದು, ಹಂಡೆ ತುಂಬುವ ತನಕ. ಅಂಗಳಕ್ಕೆ ಸೆಗಣಿ ನೀರು ಹೊಡೆಯುವುದು. ಮಜ್ಜಿಗೆ ಕಡೆಯುವುದು. ಒಲೆಯ ಬೂದಿ ತೆಗೆದು, ಕುಳ್ಳು ಒಟ್ಟಿ, ಕಿಚ್ಚು ಹಚ್ಚುವುದು. ಇದರ ನಡುವೆ ಎಲ್ಲೋ ಒಂದು ಕಡೆ ಗೋಡೆಗೆ ಆತು ನಿಂತು ಜಾರಿದ್ದನ್ನು ಮತ್ತೊಮ್ಮೆ ಒಳಗೆ ತಳ್ಳುವುದು.

ಮೂಡಲು ಬೆಳ್ಳಗಾಗುವುದು ಇಷ್ಟಾದ ಮೇಲೆ.

ಹುಲಿಗವ್ವನ ಗಂಡನ ಮನೆ ಅಳವಂಡಿಯಿಂದ ಒಂದು ಹರದಾರಿ ದೂರದ ಸಣ್ಣ ಊರಿನಲ್ಲಿತ್ತು. ಒಂದಿಷ್ಟು ಎರೆಹೊಲ, ಒಂದು ಜೋಡಿ ಎತ್ತು, ಒಂದು ಎಮ್ಮೆ. ಮನೆಯಲ್ಲಿ ಗಂಡ ಗ್ಯಾನಪ್ಪ, ಅತ್ತೆ ಭೀಮಕ್ಕ, ಮಗ ಯಮನೂರಪ್ಪ, ಹಿಂದಿನ ವರ್ಷ ಬಂದ ಸೊಸೆ ಸಣ್ಣವ್ವ. ಮಗ ಮುನಿರಾಬಾದಿನ ಹತ್ತಿರ ಹೊಳೆಗೆ ಕಟ್ಟೆ ಕಟ್ಟುವ ಕೆಲಸ ಶುರುವಾದಾಗಿನಿಂದ ಅಲ್ಲಿ ಕಲ್ಲು ಹೊರಲು ಹೋಗುತ್ತಿದ್ದ, ಹಬ್ಬಕ್ಕೆ ಬರುತ್ತಿದ್ದ.

ಊರಿನ ಹೆಂಗಸರು ತಮ್ಮ ಸೊಸೆಯಂದಿರಿಗೆ ಬುದ್ಧಿ ಹೇಳುವಾಗ ಹುಲಿಗವ್ವನನ್ನು ತೋರಿಸುತ್ತಿದ್ದರು. "ಆಕಿ ಮನ್ಯಾಗ ಇಲ್ಲ ಅನ್ನೂದ ಇಲ್ಲ ನೋಡು. ಉಪ್ಪು ಕೇಳ್ರಿ, ಐತಿ. ಕಿಚ್ಚು ಕೇಳ್ರಿ, ಐತಿ." ನಿಜವೇ. ಅವಳ ಹಿಟ್ಟಿನ ಗಡಿಗೆ ಅರ್ಧಕ್ಕಿಂತ ಕೆಳಗೆ ಇಳಿದದ್ದನ್ನು ಯಾರೂ ನೋಡಿರಲಿಲ್ಲ. ಕುಳ್ಳಿನ ರಾಶಿ ಕರಗಿದ್ದನ್ನು, ನೀರಿನ ಹಂಡೆ ತಳ ಕಂಡದ್ದನ್ನು ನೋಡಿರಲಿಲ್ಲ. ಊರು ಅದನ್ನು ಗುಣ ಎಂದು ತಿಳಿದಿತ್ತು. ಅದು ಅಂಜಿಕೆ ಎಂದು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ, ಅರಳೆ ಹಿಂಜುವ ಪಿಂಜಾರರ ಹಸನಬೀಗೆ.

ಹಸನಬೀ ಬಾವಿಯ ದಂಡೆಯ ಮೇಲೆ ಹುಲಿಗವ್ವ ಕಲ್ಲಿಗೆ ಆತು ನಿಂತ ರೀತಿಯಿಂದಲೇ ಎಲ್ಲ ತಿಳಿದುಕೊಂಡಿದ್ದಳು. ಅವಳಿಗೂ ಅದೇ ಆಗಿತ್ತು.

"ಎಷ್ಟ ದಿನ ಹಿಂಗ ಅರಿವಿ ಕಟಗೊಂಡು ಅಡ್ಡಾಡ್ತಿ ಯವ್ವಾ? ಗದಗಿಗೆ ನಡಿ. ದವಾಖಾನ್ಯಾಗ ಹೆಣ್ಣ ಡಾಕ್ಟರ್ ಅದಾಳ. ಕೊಯ್ದು, ಹೊಲದು, ಛಲೋ ಮಾಡಿ ಕಳಸ್ತಾಳ. ನನಗ ಮಾಡ್ಯಾಳಲ್ಲ, ಸತ್ತೆನೇನ ನಾ?"

"ಎಷ್ಟ ದಿನ ಇಟಗೋತಾರ?"

"ತಿಂಗಳೊಪ್ಪತ್ತು. ಆಮ್ಯಾಲೂ ಕಲ್ಲಿಗೆ ಕೂಡಬ್ಯಾಡ, ಕೊಡ ಹೊರಬ್ಯಾಡ ಅಂತಾರ."

"ತಿಂಗಳ! ಮನಿ ಏನಾಗಬೇಕ?"

"ಮನಿ ಎಲ್ಲಿಗಿ ಹೋಗತೈತಿ? ಅದಕ್ಕೇನ ಕಾಲ ಅದಾವೇನ?"

ಹುಲಿಗವ್ವ ನಕ್ಕು ಕೊಡ ಎತ್ತಿಕೊಂಡಳು. ಇದೇ ಮಾತು ಬಾವಿಯ ದಂಡೆಯ ಮೇಲೆ ಎಷ್ಟೋ ಸಲ ನಡೆದಿತ್ತು, ಪ್ರತಿ ಸಲವೂ ಇಲ್ಲಿಗೇ ನಿಂತಿತ್ತು. ತಾನಿಲ್ಲದ ಮನೆಯಲ್ಲಿ ಏನಾದರೂ ಒಂದು ಮುಗಿದುಹೋಗುತ್ತದೆ; ಮುಗಿದದ್ದರಿಂದ ಮತ್ತೇನೋ ಆಗುತ್ತದೆ; ಆದದ್ದಕ್ಕೆ ತಾನೇ ಕಾರಣ. ಅವಳ ಲೆಕ್ಕ ಇಷ್ಟೇ. ಗದಗಿಗೆ ಹೋದರೆ ಮೈ ಉಳಿಯುತ್ತದೆ, ಹೋಗದಿದ್ದರೆ ಮನೆ ಉಳಿಯುತ್ತದೆ ಎಂದು ಅವಳು ನಂಬಿದ್ದಳು.

ಹಾಗೆ ನಂಬಿದ್ದಕ್ಕೆ ಕಾರಣವಿತ್ತು.

ಯಮನೂರಪ್ಪ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಆ ಸೀಮೆಯಲ್ಲಿ ವರ್ಷದ ಜೋಳವನ್ನು ಹಗೇವಿನಲ್ಲಿ ಇಡುತ್ತಾರೆ. ಅಂಗಳದ ಮೂಲೆಯಲ್ಲಿ ಎರಡಾಳು ಆಳದ ಗುಂಡಿ. ಒಳಗೋಡೆಗೆ ಕಣಕಿ ಹೊದಿಸಿ, ಜೋಳ ಸುರಿದು, ಮೇಲೆ ಹೊಟ್ಟು ಹರಡಿ, ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಾರೆ. ತೆಗೆಯುವಾಗ ಅವಸರ ಮಾಡುವಂತಿಲ್ಲ. ತಿಂಗಳುಗಟ್ಟಲೆ ಮುಚ್ಚಿಟ್ಟ ಕಾಳಿನ ಕಾವು ಒಳಗೆ ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಉಸಿರು ಕಟ್ಟಿಸಿ ಕೊಲ್ಲುತ್ತದೆ. ಕಲ್ಲು ಸರಿಸಿ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಇದು ಊರಿನ ಸಣ್ಣ ಹುಡುಗರಿಗೂ ಗೊತ್ತು.

ಹಗೇವಿನಿಂದ ತೆಗೆದು ಮನೆಯೊಳಗಿನ ಗುಮ್ಮಿಗೆ ತುಂಬಿದ ಜೋಳ ತಳ ಮುಟ್ಟಿದಾಗಲೆಲ್ಲ ಅತ್ತೆಗೆ ಹೇಳುವುದು ಸೊಸೆಯ ಪಾಲಿನ ಕೆಲಸ. ಹೇಳಿದಾಗಲೆಲ್ಲ ಭೀಮಕ್ಕ ಒಂದೇ ಮಾತು ಅನ್ನುತ್ತಿದ್ದಳು: "ಇಷ್ಟ ಲಗೂನ? ನಿಮ್ಮ ತವರಾಗ ಉಣ್ಣಾಕ ಇದ್ದಿಲ್ಲೇನ? ಬಂದು ನಮ್ಮ ಗುಮ್ಮಿ ಬಡಿತಿ." ಆ ಮಾತಿಗೆ ಅಂಜಿ ಹುಲಿಗವ್ವ ಒಂದು ದಿನ ತಡೆದಳು. ನಾಳೆ ಹೇಳೋಣ ಎಂದು ಮತ್ತೊಂದು ದಿನ. ಆ ನಾಳೆಯ ಮುಂಜಾನೆ, ಹೇಳದೆ ಕೇಳದೆ, ಗ್ಯಾನಪ್ಪನ ತಮ್ಮ ಅಯ್ಯಪ್ಪನಿಗೆ ಹೆಣ್ಣು ಕೊಡುವವರು ಗಾಡಿ ಹೂಡಿಕೊಂಡು ಬಂದುಬಿಟ್ಟರು.

"ಗುಮ್ಮ್ಯಾಗ ಕಾಳಿಲ್ಲ, ಅತ್ತಿ."

"ಈಗ ಹೇಳ್ತಿ? ಬೀಗರು ಕಟ್ಟಿ ಮ್ಯಾಲ ಕುಂತ ಮ್ಯಾಲ?"

"ಬಾಜೂ ಮನ್ಯಾಗ ಒಂದ ಮೊರ ಹಿಟ್ಟು ಕಡಾ ತರ್ತೀನಿ."

"ಹೆಣ್ಣ ಕೊಡಾಕ ಬಂದೋರ ಮುಂದ ಮೊರ ಹಿಡಕೊಂಡು ಓಣ್ಯಾಗ ತಿರಗ್ತೀಯೇನ? ನಾಚಿಕಿ ಐತಿಲ್ಲ? ಅಯ್ಯಪ್ಪಾ, ಹಗೇವ ತಗಿಯೋ. ಲಗೂನ ಎರಡ ಬುಟ್ಟಿ ತಗದ ಕೊಡು."

ಅಯ್ಯಪ್ಪ ಅವತ್ತು ಒಗೆದ ಧೋತರ ಉಟ್ಟಿದ್ದ. ಅದನ್ನು ಎತ್ತಿ ಕಟ್ಟಿ, ಮಣ್ಣು ಕೆದರುತ್ತಾ ಅತ್ತಿಗೆಯ ಕಡೆ ನೋಡಿ ನಕ್ಕ. "ರೊಟ್ಟಿ ತೆಳ್ಳಗ ಬಡೀ ಅತ್ತಿಗಿ. ಹುಡುಗಿ ಅಪ್ಪಗ ಹಲ್ಲಿಲ್ಲ."

ಇಳಿದವನು ಮೇಲೆ ಬರಲಿಲ್ಲ. ಹಿಂದೆಯೇ ಇಳಿಯಲು ಹೋದ ಗ್ಯಾನಪ್ಪನನ್ನು ಬೀಗರೇ ಹಿಡಿದು ನೆಲಕ್ಕೆ ಒತ್ತಿಕೊಂಡು ಕೂತರು. ಬೇವಿನ ತೊಪ್ಪಲಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಏರಿಸಿ, ಗಾಳಿ ಆಡಿಸಿ, ಕಂದೀಲು ಬಿಟ್ಟು ನೋಡಿ, ಅವನನ್ನು ಮೇಲೆ ತರುವ ಹೊತ್ತಿಗೆ ಹೊತ್ತು ನೆತ್ತಿಗೆ ಬಂದಿತ್ತು.

"ಒಂದ ದಿನ ಮೊದ್ಲ ಈಕಿ ಬಾಯಿ ಬಿಟ್ಟಿದ್ರ ನನ್ನ ಮಗ ಉಳೀತಿದ್ದ" ಎಂದು ಭೀಮಕ್ಕ ಎದೆ ಬಡಿದುಕೊಂಡಳು. ಊರು ಅದನ್ನೇ ಹೇಳಿತು. ಗ್ಯಾನಪ್ಪ ಹೇಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಹುಲಿಗವ್ವನಿಗೆ ಅದನ್ನು ಯಾರೂ ಹೇಳಬೇಕಾಗಿಯೇ ಇರಲಿಲ್ಲ.

ಅಂದಿನಿಂದ ಅವಳು ಹಗೇವಿನ ಮೂಲೆಗೆ ಕಾಲಿಡಲಿಲ್ಲ. ಅಂಗಳ ಗುಡಿಸುವಾಗ ಆ ಕಡೆ ದೂರದಿಂದಲೇ ಕಸಬರಿಗೆ ಚಾಚುತ್ತಿದ್ದಳು. ಹಗೇವು ತೆಗೆಯುವ ದಿನ ಹೊಲದಲ್ಲಿ ಏನಾದರೂ ಕೆಲಸ ಹುಡುಕಿಕೊಂಡು ಹೋಗಿಬಿಡುತ್ತಿದ್ದಳು. ಮನೆಯಲ್ಲಿ ಯಾವುದೂ ಮುಗಿಯಲು ಬಿಡಲಿಲ್ಲ. ತಾನು ಉಣ್ಣುವುದು ಮಾತ್ರ ಎಲ್ಲರದೂ ಮುಗಿದ ಮೇಲೆ, ಒಲೆಯ ಮುಂದೆ ನಿಂತೇ, ನಿನ್ನೆಯ ರೊಟ್ಟಿ. ಎರಡನೆಯ ಹೆರಿಗೆಯಾಗಿ ಹೆಣ್ಣುಕೂಸು ಹುಟ್ಟಿ ಇನ್ನೂ ಮೈಲಿಗೆ ಕಳೆದಿರಲಿಲ್ಲ, ಬಾಣಂತಿ ಎದ್ದು ಕಲ್ಲಿಗೆ ಕೂತಳು. ಯಾರೂ ಕೂಡು ಎಂದಿರಲಿಲ್ಲ. ಬೇಡ ಎಂದೂ ಯಾರೂ ಅನ್ನಲಿಲ್ಲ. ಬೀಸುವ ಸಪ್ಪಳ ಕೇಳಿ ಭೀಮಕ್ಕ ಮಗ್ಗುಲು ಬದಲಿಸಿ ಮಲಗಿದಳು. ಕೂಸು ತಿಂಗಳೊಳಗೆ ಹೋಯಿತು, ಗರ್ಭಕೋಶ ಆ ತಿಂಗಳಲ್ಲೇ ಜಾರಿತು. ಎರಡನ್ನೂ ಅವಳು ತನ್ನ ಪಾಲಿನ ಶಿಕ್ಷೆ ಎಂದು ತೆಗೆದುಕೊಂಡಳು. ನೋವು ಹೆಚ್ಚಾದ ದಿನ ಒಳಗೊಳಗೇ ಒಂದು ನೆಮ್ಮದಿ ಕೂಡ ಇರುತ್ತಿತ್ತು, ಇಷ್ಟು ಇವತ್ತಿನ ಪಾಲಿಗೆ ತೀರಿತು ಎನ್ನುವ ಹಾಗೆ.

ಮನುಷ್ಯರು ತಮಗೆ ತಾವು ಮಾಡಿಕೊಳ್ಳುವ ಇಂಥ ಕೆಲಸಕ್ಕೆ ಯಾವ ಮನೆಯೂ ಅಡ್ಡ ಬರುವುದಿಲ್ಲ. ಬಿಸಿ ರೊಟ್ಟಿ ಸಿಗುತ್ತಿರುತ್ತದಲ್ಲ.

ಸಣ್ಣವ್ವ ಬಂದ ಎರಡನೆಯ ಶ್ರಾವಣದಲ್ಲಿ ಹುಲಿಗವ್ವನಿಗೆ ಚಳಿಜ್ವರ ಹತ್ತಿತು. ಬಿದ್ದರೂ ಏಳುತ್ತಿದ್ದವಳು ಈ ಸಲ ಏಳಲು ಆಗಲಿಲ್ಲ. ಕೌದಿಯೊಳಗೆ ನಡುಗುತ್ತಾ ಬೀಸುಕಲ್ಲಿನ ಸಪ್ಪಳ ಕೇಳುತ್ತಿದ್ದಳು. ಹುಡುಗಿ ಬೀಸುತ್ತಿದ್ದಾಳೆ, ಸರಿ. ಜ್ವರ ಬಿಟ್ಟ ಮುಂಜಾನೆ, ಪಂಚಮಿಯ ದಿನ, ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದಾಗ ಸಪ್ಪಳ ಇರಲಿಲ್ಲ. ಸಣ್ಣವ್ವ ಬೀಸುಕಲ್ಲಿನ ಮುಂದೆ ಸುಮ್ಮನೆ ಕೂತಿದ್ದಳು. ಗಡಿಗೆಯಲ್ಲಿ ಹಿಟ್ಟಿರಲಿಲ್ಲ. ಹುಲಿಗವ್ವ ಗುಮ್ಮಿಗೆ ಕೈ ಹಾಕಿದಳು. ಕೈಗೆ ತಳದ ಸೆಗಣಿ ಸಾರಣೆ ಸಿಕ್ಕಿತು.

"ಯಾವಾಗ ಮುಗದೈತಿ ಇದು?"

"ನಿನ್ನಿ ಮುಂಜಾನಿ, ಅತ್ತಿ."

"ಮತ್ತ ಹೇಳಲಿಲ್ಲ? ಬಾಯಾಗ ಏನ ಇಟಗೊಂಡಿದ್ದಿ?"

ಮಾತು ಬಾಯಿಂದ ಬಿದ್ದ ಮೇಲೆ ಹುಲಿಗವ್ವನಿಗೆ ಅದು ಯಾರ ದನಿ ಎಂದು ಗೊತ್ತಾಯಿತು. ಅದು ಭೀಮಕ್ಕನ ದನಿ, ಎಳೆತ ಸಹಿತ.

"ನಿಮಗ ಜ್ವರ ಇತ್ರಿ... ಭೀಮಕ್ಕ ಆಯಿಗೆ ಹೇಳಿದ್ರ ಬೈತಾಳಂತ..." ಸಣ್ಣವ್ವ ಎದ್ದು ಹಿಂದೆ ಸರಿದಳು. ಅಳುತ್ತಿದ್ದಳು. ಮೊಳಕೈಯನ್ನು ಕೆನ್ನೆಯ ಮುಂದೆ ಅಡ್ಡ ಹಿಡಿದಿದ್ದಳು, ಏಟು ಬೀಳುತ್ತದೆ ಎನ್ನುವ ಹಾಗೆ. ಇನ್ನೂ ಎಳೆಯ ಮೊಳಕೈ, ಅದರ ತುಂಬ ನಿನ್ನೆಯ ಹಿಟ್ಟಿನ ಧೂಳು.

ಹುಲಿಗವ್ವ ಗುಮ್ಮಿಯಿಂದ ಕೈ ಹೊರಗೆ ತೆಗೆದಳು.

"ಕೈ ಇಳಸು. ಅಳಬ್ಯಾಡ. ಹಿಟ್ಟು ಮುಗದ್ರ ಯಾರೂ ಸಾಯಂಗಿಲ್ಲ."

ಹಾಗೆಂದವಳು ತಾನೇ ಬೆಚ್ಚಿದಳು. ಈ ಮಾತನ್ನು ಅವಳು ಎಂದೂ ಕೇಳಿರಲಿಲ್ಲ, ಯಾರ ಬಾಯಿಂದಲೂ. ಹೊರಗೆ ಮಣ್ಣು ಕೆದರುವ ಸಪ್ಪಳ ಕೇಳಿಸಿದ್ದು ಆಗ. ಹಬ್ಬಕ್ಕೆ ಬಂದಿದ್ದ ಯಮನೂರಪ್ಪ ಹೆಂಡತಿಯ ಅಳು ನೋಡಲಾರದೆ ತಾನೇ ಹಗೇವಿನ ಬಾಯಿ ಬಿಡಿಸಲು ಕೂತಿದ್ದ.

ಹುಲಿಗವ್ವ ಅಂಗಳ ದಾಟಿದಳು. ಮಗ ಆಗಲೇ ಕಲ್ಲು ಸರಿಸಿ ಧೋತರ ಎತ್ತಿ ಕಟ್ಟಿದ್ದ. ಅವಳು ಹೋಗಿ ಹಗೇವಿನ ಬಾಯಿಯ ಪಕ್ಕ, ಆ ಕರೀ ಕತ್ತಲಿಗೆ ಕಾಲು ತಾಗುವಷ್ಟು ಹತ್ತಿರ, ನೆಲಕ್ಕೆ ಕೂತುಬಿಟ್ಟಳು.

"ಇವತ್ತ ಯಾರೂ ಇಳಿಯಂಗಿಲ್ಲ."

"ಏ ಯವ್ವಾ, ಎರಡ ಬುಟ್ಟಿ ಅಷ್ಟ. ಮ್ಯಾಲಿಂದ ಬಗ್ಗಿ ತಗೀತೀನಿ."

"ಇಳಿಯಂಗಿಲ್ಲಂದ್ನೆಲ್ಲ."

ಗ್ಯಾನಪ್ಪ ಕೊಟ್ಟಿಗೆಯಿಂದ ಬಂದ. "ಮತ್ತ ಹಬ್ಬದ ಊಟ?"

"ಕಡಾ ತರ್ತೀವಿ. ಸಣ್ಣವ್ವಾ, ಮೊರ ತಗೊಂಡು ಬಾಜೂ ಮನಿಗೆ ಹೋಗು. ನಡು ಓಣ್ಯಾಗ ಹೋಗು, ಹಿತ್ತಲ ಕಡೆಯಿಂದ ಬ್ಯಾಡ."

ಭೀಮಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಚುರುಕಾಗಿತ್ತು. ಕಟ್ಟೆಯ ಮೇಲಿಂದಲೇ ಕೂಗಿದಳು. "ಹಬ್ಬದ ದಿನ ಕಡಾ ಹಿಟ್ಟು! ಈ ಮನ್ಯಾಗ ಇದೊಂದ ಕೇಳೂದಿತ್ತು. ಮನಿ ಮರ್ಯಾದಿ ಹಗೇವಿಗೆ ಹಾಕಿದ್ರಿ."

"ಮರ್ಯಾದಿ ಉಳಸಾಕಂತ ಒಬ್ಬನ್ನ ಹಾಕೀವಲ್ಲ, ಅತ್ತಿ. ಸಾಕು."

ಹಾಕಿದಿರಿ ಎನ್ನಲಿಲ್ಲ, ಹಾಕೀವಿ ಎಂದಳು. ಮುದುಕಿಯ ಕೈ ಕಟ್ಟೆಯ ಮೇಲೆ ಏನನ್ನೋ ಹುಡುಕಿತು, ಕೋಲು ಸಿಕ್ಕ ಮೇಲೆ ಅದನ್ನು ಹಿಡಿದು ಸುಮ್ಮನಾಯಿತು.

ಮಧ್ಯಾಹ್ನ ಹುಲಿಗವ್ವನೇ ಹಗ್ಗಕ್ಕೆ ಕಂದೀಲು ಕಟ್ಟಿಸಿದಳು. ಸೀಮೆಎಣ್ಣೆಯ ಡಬ್ಬಿಯ ಬುಡದಲ್ಲಿ ಉಳಿದಿದ್ದ ಒಂದಿಷ್ಟು ಎಣ್ಣೆಯನ್ನು ಇದಕ್ಕಾಗಿಯೇ ಸುರಿದಳು. ಯಮನೂರಪ್ಪ ನಗುತ್ತಲೇ ಇಳಿಬಿಟ್ಟ. ದೀಪ ಅರ್ಧ ದಾರಿಯಲ್ಲಿ ಸಣ್ಣದಾಯಿತು, ನೀಲಿಯಾಯಿತು, ಆರಿತು. ಹುಡುಗನ ನಗುವೂ ಆರಿತು. ಅವನು ಹಗ್ಗ ಹಿಡಿದುಕೊಂಡು ಹಾಗೆಯೇ ನಿಂತ.

ಹುಲಿಗವ್ವ ಆರಿದ ದೀಪದ ಕಡೆಯೇ ನೋಡುತ್ತಾ ಕೂತಳು. ಕಂದೀಲಿಗೆ ಗುಮ್ಮಿ ಯಾವಾಗ ಮುಗಿಯಿತು ಎಂದು ಗೊತ್ತಿರಲಿಲ್ಲ. ಯಾವ ಸೊಸೆ ಯಾವ ದಿನ ಬಾಯಿ ಬಿಟ್ಟಳು ಎಂದೂ ಗೊತ್ತಿರಲಿಲ್ಲ. ಅಯ್ಯಪ್ಪ ಇಳಿಯುವ ಮೊದಲು ಅದನ್ನು ಯಾರೂ ಇಳಿಬಿಟ್ಟಿರಲಿಲ್ಲ. ಅಂದು ಒಂದು ಮೊರ ಹಿಟ್ಟು ಕಡಾ ತರುತ್ತೇನೆ ಎಂದು ತಾನು ಹೇಳಿದ್ದು ಅವಳಿಗೆ ನೆನಪಾಯಿತು. ಎಷ್ಟೋ ವರ್ಷ ಆ ದಿನವನ್ನು ಮನಸ್ಸಿನಲ್ಲಿ ತಿರುವಿ ಹಾಕಿದ್ದಳು, ಆದರೆ ಈ ಮಾತು ಆಡಿದ್ದು ಮಾತ್ರ ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ. ಎರಡು ದಿನ ಸುಮ್ಮನಿದ್ದದ್ದು ತಪ್ಪು, ಹೌದು. ಅಂಜಿದ ಹುಡುಗಿಯ ತಪ್ಪು. ಸಣ್ಣವ್ವನ ತಪ್ಪಿನಷ್ಟೇ ಗಾತ್ರದ್ದು.

ಹಗುರ ಎನ್ನಿಸಲಿಲ್ಲ. ದಣಿವಾಯಿತು. ಇಷ್ಟು ವರ್ಷ ನಿಲ್ಲಿಸಿಟ್ಟಿದ್ದ ದಣಿವೆಲ್ಲ ಒಟ್ಟಿಗೆ ಬಂತು. ಪಡಸಾಲೆಗೆ ಬಂದು, ಹಾಡುಹಗಲು, ಎಲ್ಲರೂ ಓಡಾಡುವ ಜಾಗದಲ್ಲಿ ಮಲಗಿದಳು. ಜನ ಅವಳನ್ನು ದಾಟಿಕೊಂಡು ಓಡಾಡಿದರು. ಮಾರನೆಯ ದಿನ ದೀಪ ತಳದ ತನಕ ಉರಿಯಿತು, ಯಮನೂರಪ್ಪ ಇಳಿದ, ಬುಟ್ಟಿ ಹೊತ್ತು ಮೇಲೆ ಬಂದ. ಅವಳು ಪಕ್ಕದಲ್ಲೇ ನಿಂತು ನೋಡಿದಳು.

ಇದಾದ ಮೇಲೆ ಹುಲಿಗವ್ವ ಬೇರೆಯವಳಾದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ಕೋಳಿಗೆ ಮುಂಚೆ ಕಣ್ಣು ತಾನೇ ತೆರೆಯುತ್ತಿತ್ತು, ಕೈ ತಾನೇ ಗಡಿಗೆಯ ತಳ ಮುಟ್ಟಿ ನೋಡುತ್ತಿತ್ತು. ಸಣ್ಣವ್ವನ ಜೊತೆ ಕೂತು ಉಣ್ಣಬೇಕು ಎಂದುಕೊಂಡರೆ ಕೂತಲ್ಲಿ ಮುಳ್ಳು ಚುಚ್ಚಿದಂತಾಗಿ ಎದ್ದುಬಿಡುತ್ತಿದ್ದಳು. "ಬರ್ರಿ, ಕುಂದರ್ರಿ ಅತ್ತಿ, ಒಲಿ ಎಲ್ಲೂ ಹೋಗಂಗಿಲ್ಲ" ಎಂದು ಹುಡುಗಿ ಸ್ವಲ್ಪ ಸಲಿಗೆಯಿಂದ ಅನ್ನುತ್ತಿದ್ದಳು. ಕೆಲವು ದಿನ ಕೂತಳು, ಕೆಲವು ದಿನ ಇಲ್ಲ. ಬಿಸಿ ರೊಟ್ಟಿ ತಾಟಿಗೆ ಬಿದ್ದರೂ ಮೊದಮೊದಲು ನಿನ್ನೆಯದನ್ನೇ ಹುಡುಕಿ ತೆಗೆಯುತ್ತಿದ್ದಳು.

ಆದರೆ ಒಂದು ಸಂಜೆ ಗ್ಯಾನಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದಾಗ ಹೋಗಿ ಕಂಬದ ಮರೆಯಲ್ಲಿ ನಿಂತು ಹೇಳಿಬಿಟ್ಟಳು. ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಹಗ್ಗ ಬಿಟ್ಟ.

"ಯಾವಾಗಿಂದ?"

"ಹೆಣ್ಣಕೂಸು ಹುಟ್ಟಿದಾಗಿಂದ."

"ಅಷ್ಟ ವರ್ಷ! ಹೇಳಬಾರದೇನ ಹುಚ್ಚಿ?"

"ಈಗ ಹೇಳಾಕತ್ತೀನಲ್ರೀ. ಗದಗಿಗೆ ಹೋಗ್ತೀನಿ. ಹಸನಬೀ ಬರ್ತೀನಂದಾಳ."

"ಬಿತ್ತಿಗಿ ಮುಗೀಲಿ ತಡಿ."

"ಮುಗೀಲಿ. ಮುಗದ ಮರುದಿನ ಹೋಗ್ತೀನಿ."

ಕಟ್ಟೆಯ ಆ ತುದಿಯಿಂದ ಭೀಮಕ್ಕ ಕೆಮ್ಮಿದಳು. "ಗದಗಿಗೆ ಹೋಗಾಕ ಅದೊಂದ ರೋಗೇನ? ಹಡದಾಕಿಗೆ ಬರೂದ ಅದು. ನನಗಿಲ್ಲೇನ? ಅಯ್ಯಪ್ಪ ಹುಟ್ಟಿದಾಗಿಂದ ಕಟಗೊಂಡು ಅಡ್ಡಾಡೀನಿ. ಯಾರಿಗಾರ ಹೇಳೀನೇನ?"

ಗ್ಯಾನಪ್ಪ ಹಗ್ಗ ಎತ್ತಿಕೊಂಡು ಎದ್ದು ಹೊರಟುಹೋದ. ತಾಯಿಯ ಬಾಯಿಂದ ಕೇಳುವ ಮಾತಲ್ಲ ಅದು ಎಂದು ಅವನಿಗೆ ಅನ್ನಿಸಿರಬೇಕು. ಹುಲಿಗವ್ವ ನಿಂತಲ್ಲೇ ನಿಂತಳು. ಅತ್ತೆ ತನ್ನ ಅರಿವೆಗಳನ್ನು ತಾನೇ ಒಗೆದುಕೊಳ್ಳುತ್ತಿದ್ದಳು, ಕಣ್ಣು ಹೋದ ಮೇಲೂ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅದು ಸೊಕ್ಕು ಎಂದು ಇಷ್ಟು ವರ್ಷ ತಿಳಿದಿದ್ದಳು.

"ಹೇಳಬೇಕಿತ್ತು, ಅತ್ತಿ."

"ಯಾರಿಗೆ?" ಎಂದಳು ಭೀಮಕ್ಕ.

ಆ ವರ್ಷ ಮಳೆ ತಡವಾಗಿ, ಹಿಂಗಾರಿ ಬಿತ್ತಿಗೆ ಕಾರ್ತಿಕ ಕಳೆದ ಮೇಲೆ ಮುಗಿಯಿತು. ಗ್ಯಾನಪ್ಪ ಭಾನಾಪುರದ ಠೇಸನ್ನಿನ ತನಕ ಗಾಡಿ ಹೂಡಿಕೊಂಡು ಬಂದ. ಕೆಟ್ಟ ಮನುಷ್ಯನಲ್ಲ ಅವನು. ಹಸನಬೀ ಗದಗಿನ ದವಾಖಾನೆಯಲ್ಲಿ ಅವಳನ್ನು ಒಪ್ಪಿಸಿ, ನರ್ಸಮ್ಮನಿಗೆ ಹತ್ತು ಸಲ ಹೇಳಿ, ಮರುದಿನದ ರೈಲುಗಾಡಿಗೆ ಊರಿಗೆ ತಿರುಗಿದಳು.

ಕೊಯ್ಯುವುದಕ್ಕೆ ಹುಲಿಗವ್ವ ಅಂಜಲಿಲ್ಲ. ಮಲಗುವುದಕ್ಕೆ ಅಂಜಿದಳು. ಯಾರೋ ಗಂಜಿ ತಂದು ಕೊಟ್ಟರೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಕುಡಿದ ತಾಟು ತೊಳೆಯಲು ಗೋಡೆ ಹಿಡಿದು ಎದ್ದು ಬೈಸಿಕೊಂಡಳು. ಮುಂಜಾನೆ ಕತ್ತಲಲ್ಲಿ ಎಚ್ಚರವಾಗಿ, ಮಾಡಲು ಏನೂ ಇಲ್ಲದೆ, ಮಂಚದ ಕಬ್ಬಿಣ ಹಿಡಿದುಕೊಂಡು ಬೆಳಗಾಗುವುದನ್ನು ಕಾಯುತ್ತಿದ್ದಳು. ಪಕ್ಕದ ಮಂಚದ ಮುಂಡರಗಿ ಕಡೆಯ ಹೆಂಗಸು ಒಂದು ದಿನ ನಕ್ಕಳು: "ಏನವ್ವಾ, ನಿದ್ದಿನೂ ಕಡಾ ತರಬೇಕೇನ ನೀ?" ಹುಲಿಗವ್ವನೂ ನಕ್ಕಳು, ಹೊಲಿಗೆ ನೋಯಿತು. ಆಮೇಲೆ ಒಂದು ದಿನ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಂದ ಮೇಲೆ ಎಚ್ಚರವಾಯಿತು. ಅದು ಯಾರ ಬಿಸಿಲು ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ.

ದವಾಖಾನೆಯಲ್ಲಿ ಇರಬೇಕಾದ ದಿನಗಳಲ್ಲಿ ಇನ್ನೂ ಅರ್ಧವೂ ಕಳೆದಿರಲಿಲ್ಲ, ಗ್ಯಾನಪ್ಪ ಬಂದ. ಮಂಚದ ಅಂಚಿಗೆ ಕೂರದೆ, ತಲೆಯ ಪಟಕ ತೆಗೆದು ಕೈಯಲ್ಲಿ ಹಿಡಿದು ನಿಂತ.

"ಎಳ್ಳಮಾಸಿ ಹಬ್ಬ ಬಂತು. ಹೊಲದಾಗ ಚರಗ ಚೆಲ್ಲಾಕ ಮಂದಿ ಬರ್ತಾರ. ಬುಟ್ಟಿಗಟ್ಟಲೆ ರೊಟ್ಟಿ, ಕಡಬು ಆಗಬೇಕು. ಸಣ್ಣವ್ವ ಒಬ್ಬಾಕಿ ಏನ ಮಾಡ್ಯಾಳು? ಬೀಸಿ ಬೀಸಿ ಕೈಯಾಗ ಬೊಕ್ಕಿ ಎದ್ದಾವ. ಅವ್ವ ನೆಟ್ಟಗ ಉಣ್ಣವಲ್ಲಳು."

"ಜ್ವಾಳ ಗಿರಣಿಗೆ ಹಾಕಸ್ರಿ. ಕೊಪ್ಪಳದಾಗ ಐತಲ್ಲ."

"ಯಾರ ಒಯ್ಯಬೇಕು?"

"ನೀವು."

ಅವಳು ತಮಾಷೆ ಮಾಡಿದಳು ಎಂದುಕೊಂಡು ಅವನು ನಕ್ಕ. "ಗಿರಣಿ ಹಿಟ್ಟಿನ ರೊಟ್ಟಿ ಅವ್ವಗ ಸೇರತೈತೇನ?"

"ಕೇಳೀರೇನು?"

ಕೇಳಿರಲಿಲ್ಲ. ಪಟಕವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನೀ ಏನೂ ಮಾಡಬ್ಯಾಡ. ಬಂದು ಸುಮ್ನ ಕುಂದ್ರು. ಕುಂತಲ್ಲಿಂದ ಹೇಳು, ಸಣ್ಣವ್ವ ಮಾಡ್ತಾಳ. ನೀ ಇದ್ರ ಮನಿ ಮನಿಯಂಗ ಇರತೈತಿ."

ನರ್ಸಮ್ಮ ಬಂದು ಕೇಳಿಸಿಕೊಂಡಳು. "ಡಾಕ್ಟರಮ್ಮ ಇನ್ನೂ ಬಿಟ್ಟಿಲ್ಲ. ಹೊಲಿಗಿ ಹಸಿ ಐತಿ. ಭಾರ ಎತ್ತಿದ್ರ ಬಿಚ್ಚತೈತಿ, ಮತ್ತ ಮೊದಲಿನಂಗ. ಹೋಗಬ್ಯಾಡಂತ ಬಾಗಲಿಗೆ ಕೀಲಿ ಹಾಕಾಕ ಬರಂಗಿಲ್ಲ. ನಿಮ್ಮ ಇಷ್ಟ." ಹೇಳಿ ಮುಂದಿನ ಮಂಚಕ್ಕೆ ಹೋದಳು.

ಹುಲಿಗವ್ವ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದನ್ನು ಗ್ಯಾನಪ್ಪ ಒಪ್ಪಿಗೆ ಎಂದು ತಿಳಿದ. ಮಂಚದ ಕೆಳಗಿನ ಸೀರೆ, ಕುಪ್ಪಸ, ತಂಬಿಗೆ ತೆಗೆದು, ಬಾರದ ಕೈಯಿಂದ ಗಂಟು ಕಟ್ಟಿದ. ಅವಳ ಬಟ್ಟೆಯನ್ನು ಅವನು ಮಡಿಸಿದ್ದು ಬಹುಶಃ ಅದೇ ಮೊದಲು. "ಟಾಂಗಾ ನೋಡಿ ಬರ್ತೀನಿ. ಹೊತ್ತ ಮುಳುಗೂದ್ರಾಗ ಭಾನಾಪುರ ಮುಟ್ಟಬೇಕು" ಎಂದು ಹೋದ.

ಅವನು ಸುಳ್ಳು ಹೇಳಿರಲಿಲ್ಲ. ಸುಮ್ಮನೆ ಕೂಡು ಎಂದದ್ದನ್ನು ಮನಸ್ಸಿನಿಂದಲೇ ಅಂದಿದ್ದ. ಅವಳಿಗೆ ನಂಬಿಕೆ ಇಲ್ಲದ್ದು ತನ್ನ ಮೇಲೆ. ಮನೆ ಮುಟ್ಟಿದ ಮೊದಲ ಮುಂಜಾನೆ, ಯಾರೂ ಕರೆಯದೆ, ಈ ಎರಡು ಕೈ ಎದ್ದು ಹೋಗುತ್ತವೆ. ಅವನ್ನು ಹಿಡಿದು ನಿಲ್ಲಿಸುವಷ್ಟು ಬಲ ಇನ್ನೂ ಬಂದಿರಲಿಲ್ಲ. ಬರಲು ಇನ್ನಷ್ಟು ದಿನ ಬೇಕು.

ಹೋಗದಿದ್ದರೆ ಏನಾಗುತ್ತದೆ ಎಂಬುದನ್ನೂ ಅವಳು ಒಂದೊಂದಾಗಿ ನೋಡಿದಳು. ಸಣ್ಣವ್ವನ ರೊಟ್ಟಿ ದಪ್ಪವಾಗುತ್ತವೆ, ಒಂದಿಷ್ಟು ಸೀಯುತ್ತವೆ. ಬಂದ ಮಂದಿ ಮೂಗು ಮುರಿಯುತ್ತಾರೆ. ಅತ್ತೆ ಇದನ್ನು ಮುಂದಿನ ಎಳ್ಳಮಾಸಿಯ ತನಕ ಎತ್ತಿ ಆಡುತ್ತಾಳೆ. ಬರಿಗೈಯಲ್ಲಿ ಟಾಂಗಾದಲ್ಲಿ ಕೂತು ಹೋಗುವ ಗಂಡನ ಬೆನ್ನು ಸಣ್ಣದಾಗಿ ಕಾಣುತ್ತದೆ. ಹುಡುಗಿಯ ಕೈಯ ಬೊಕ್ಕೆ ಒಡೆಯುತ್ತವೆ. ಅದಕ್ಕೆ ಏನು ಮಾಡಬೇಕೋ ಅದನ್ನು ಗ್ಯಾನಪ್ಪನಿಗೆ ಹೇಳಿಯಾಗಿತ್ತು. ಇನ್ನೊಮ್ಮೆ ಹೇಳಬಹುದು. ಒಯ್ದು ಹಾಕಿಸಬೇಕಾದವನು ಅವನು.

ಇಷ್ಟೂ ಆಗುತ್ತದೆ. ಆಗಲಿ.

ಅವಳು ನಿಧಾನವಾಗಿ ಮಗ್ಗುಲಾಗಿ ಗಂಟನ್ನು ಹತ್ತಿರ ಎಳೆದುಕೊಂಡಳು. ಗಂಡಸಿನ ಕೈಯ ಗಂಟು, ಬಿಗಿಯಾಗಿತ್ತು. ಬಿಚ್ಚಲು ಉಗುರು ಬೇಕಾಯಿತು. ತಂಬಿಗೆ ತೆಗೆದು ಕಿಟಕಿಯ ಮೇಲೆ ಇಟ್ಟಳು. ಸೀರೆ, ಕುಪ್ಪಸ ಮಡಿಸಿ ಮಂಚದ ಕೆಳಗೆ ಸರಿಸಿದಳು. ಹೊರಗೆ ಟಾಂಗಾದ ಗೆಜ್ಜೆ ಬಂದು ನಿಂತಿತು, ಹಾಸುಗಲ್ಲಿನ ಮೇಲೆ ಅವನ ಕೆರದ ಸಪ್ಪಳ ಹತ್ತಿರವಾಯಿತು. ಹುಲಿಗವ್ವ ಎರಡೂ ಕಾಲು ಮಂಚದ ಮೇಲೆ ತೆಗೆದುಕೊಂಡು, ಕೌದಿಯನ್ನು ಎದೆಯ ತನಕ ಎಳೆದುಕೊಂಡು, ಬಾಗಿಲ ಕಡೆ ಮುಖ ಮಾಡಿ ಮಲಗಿದಳು.